ಸಮರಕಲಾಚಿತ್ರಗಳಲ್ಲಿ ಶ್ರಮವೂ ಇಂದ್ರಜಾಲವೂ

೧

ಹಾಂಗ್ ಕಾಂಗಿನಲ್ಲಿ ಬೆಳೆದು ಲೋಕದ ನಾನಾ ಕಡೆಗಳಿಗೆ ಹರಡಿದ ಸಮರಕಲಾಚಿತ್ರಗಳ ವಿಷಯದಲ್ಲಿ ಪ್ರೇಕ್ಷಕರೂ ವಿಮರ್ಶಕರೂ ಸಾಮಾನ್ಯವಾಗಿ ಆಡುವ ಮಾತೊಂದುಂಟು. ಹಿಂದಿನ ಚಿತ್ರಗಳು ಒರಟು, ಆದರೆ ನಿಜ. ಈಚಿನವು ನಯ, ಆದರೆ ಪೊಳ್ಳು ಎಂಬುದೇ ಆ ಮಾತು. ೧೯೭೦ರ ದಶಕದ ಚಿತ್ರಗಳಲ್ಲಿ ನಟನು ತನ್ನ ಮೈಯಿಂದಲೇ ಹೋರಾಡಿದನು, ಈಚಿನವುಗಳಲ್ಲಿ ತಂತಿಯು ಅವನನ್ನು ಎತ್ತುತ್ತದೆ, ಗಣಕಯಂತ್ರವು ಅವನಿಗೆ ಬದಲಾಗಿ ಹೋರಾಡುತ್ತದೆ ಎಂದು ಕಾರಣವನ್ನೂ ಹೇಳುವರು. ಈ ಮಾತಿನಲ್ಲಿ ಒಂದು ಸತ್ಯಾಂಶವಿದೆ. ಆದರೆ ಅದರೊಡನೆ ಎರಡು ಭ್ರಾಂತಿಗಳೂ ಬೆರೆತುಕೊಂಡಿವೆ. ಕಾಲಭೇದವನ್ನೇ ಗುಣಭೇದವೆಂದು ಬಗೆಯುವುದು ಮೊದಲನೆಯ ಭ್ರಾಂತಿ. ನಟನ ಮೈಗೆ ಒದಗುವ ಅಪಾಯವನ್ನೇ ಕಲೆಯ ಸತ್ಯವೆಂದು ಬಗೆಯುವುದು ಎರಡನೆಯದು. ಮೊದಲನೆಯದರಿಂದ ಇತಿಹಾಸ ಕೆಡುವುದು, ಅಷ್ಟೆ. ಎರಡನೆಯದರಿಂದ ಮನುಷ್ಯರ ಪ್ರಾಣಕ್ಕೇ ಹಾನಿ. ಆದುದರಿಂದ ಸತ್ಯಾಂಶವನ್ನು ಭ್ರಾಂತಿಯಿಂದ ಬೇರ್ಪಡಿಸಿ ನೋಡುವುದು ಅಗತ್ಯವಾಗಿದೆ.

ಈ ವಿಷಯವು ಶಾಸ್ತ್ರವಿಚಾರಕ್ಕೆ ಹೊರಗಿನದೆಂದು ಭಾವಿಸಬೇಕಾದುದಿಲ್ಲ. ಭರತಮುನಿಯು ಹೇಳಿದ ನಾಲ್ಕು ವೃತ್ತಿಗಳಲ್ಲಿ ಆರಭಟಿಯು ಇಂಥ ಪ್ರಯೋಗಗಳಿಗಾಗಿಯೇ ಇರುವುದು. ನೆಗೆತ, ಲಂಘನ, ಬೀಳುವಿಕೆ, ಬಗೆಬಗೆಯ ಯುದ್ಧಗಳು ಅದರ ಲಕ್ಷಣದಲ್ಲಿ ಬರುವುವು. ಮಾಯೆ ಮತ್ತು ಇಂದ್ರಜಾಲಗಳೂ ಅಲ್ಲಿಯೇ ಬರುವುವು. ರೋಷದ ಕಾಳಗವೂ ಶಸ್ತ್ರಗಳ ತಾಕಲಾಟವೂ ಉಳ್ಳ ಸಂಫೇಟವು ಅದರ ನಾಲ್ಕು ಅಂಗಗಳಲ್ಲಿ ಒಂದು. ಹೀಗಿರುವಾಗ ಮೈಯ ಕಾಳಗವೂ ಮಾಯೆಯ ಕಾಳಗವೂ ಒಂದೇ ವೃತ್ತಿಯ ಎರಡು ಮುಖಗಳೆಂದೇ ಶಾಸ್ತ್ರಕಾರನ ಮತ. ಒಂದು ಹಳೆಯದು, ಇನ್ನೊಂದು ಹೊಸದು ಎಂಬ ವಿಭಾಗವು ಅಲ್ಲಿಲ್ಲ. ಚೀನಾದ ಚಲಚ್ಚಿತ್ರಗಳ ಇತಿಹಾಸವನ್ನು ನೋಡಿದರೂ ಇದೇ ಮಾತು ಸಿದ್ಧವಾಗುತ್ತದೆ.

೨

ಈ ಜಾತಿಯ ಚಿತ್ರಗಳಲ್ಲಿ ಮೊದಲು ಜನರನ್ನು ಮರುಳುಮಾಡಿದುದು ಷಾಂಘಾಯಿಯಲ್ಲಿ ೧೯೨೮ರಲ್ಲಿ ತಯಾರಾದ, ‘ಕೆಂದಾವರೆಯ ದೇಗುಲದ ದಹನ’ ಎಂಬರ್ಥದ ಹೆಸರುಳ್ಳ ಮೂಕಿಚಿತ್ರ. ಅದರ ಮುಂದಿನ ಭಾಗಗಳು ಒಂದರ ಮೇಲೊಂದರಂತೆ ೧೯೩೧ರ ವರೆಗೆ ಬಂದುವು. ಆ ವರ್ಷ ಚೀನಾದ ರಾಷ್ಟ್ರೀಯ ಸರ್ಕಾರದವರು ಇಂಥ ಚಿತ್ರಗಳು ಮೂಢನಂಬಿಕೆಯನ್ನು ಬೆಳೆಸುತ್ತವೆಂದು ಅವುಗಳನ್ನು ನಿಷೇಧಿಸಿದರು. ಇಂದು ಆ ಚಿತ್ರದ ಸುರುಳಿಗಳು ಉಳಿದಿಲ್ಲ. ಆದರೆ ಅದರಲ್ಲಿ ನಟರು ತಂತಿಗಳ ಆಧಾರದಿಂದ ಹಾರಾಡಿದರೆಂಬುದೂ ಮಾಂತ್ರಿಕಯುದ್ಧಗಳಿದ್ದುವೆಂಬುದೂ ಪ್ರಸಿದ್ಧ. ಆದುದರಿಂದ ತಂತಿಯು ಈಚಿನವರ ಕಲ್ಪನೆಯಲ್ಲ; ಈ ಪರಂಪರೆಯ ಹುಟ್ಟಿನಲ್ಲಿಯೇ ಅದಿದ್ದಿತು.

ಈ ಹಾರಾಟಕ್ಕೆ ಪ್ರತಿಕ್ರಿಯೆಯಾಗಿ ಹುಟ್ಟಿದುದು ೧೯೪೯ರಲ್ಲಿ ಹಾಂಗ್ ಕಾಂಗಿನಲ್ಲಿ ಮೊದಲಾದ ವಾಂಗ್ ಫೇ-ಹುಂಗನ ಚಿತ್ರಮಾಲೆ. ವಾಂಗ್ ಫೇ-ಹುಂಗನು ದಕ್ಷಿಣ ಚೀನಾದಲ್ಲಿ ಬಾಳಿದ್ದ ವೈದ್ಯ, ಸಮರಕಲೆಯ ಆಚಾರ್ಯ. ವೂ ಪಾಂಗನ ನಿರ್ದೇಶನದಲ್ಲಿ ಕ್ವಾನ್ ಟಾಕ್-ಹಿಂಗನು ಈ ಪಾತ್ರವನ್ನು ಧರಿಸಿ, ಮುಂದೆ ಎಷ್ಟೋ ಚಿತ್ರಗಳಲ್ಲಿ ಅದನ್ನೇ ನಿರ್ವಹಿಸಿದನು. ಮಂತ್ರತಂತ್ರಗಳನ್ನು ಬಿಟ್ಟು ದಕ್ಷಿಣದೇಶದ ನಿಜವಾದ ವರಸೆಗಳನ್ನೂ ಕೋಲಿನ ಪಟ್ಟುಗಳನ್ನೂ ತೋರಿಸುವುದು ಇವುಗಳ ಉದ್ದೇಶ. ಕ್ಯಾಮರಾ ಅಲುಗದೆ ನಿಂತಿರುವುದು, ಗೋಡೆಗಳು ಬಣ್ಣದ ಹಲಗೆಗಳೆಂದು ತಿಳಿಯುವುದು. ಒರಟು ಎಂದರೆ ಇವು ನಿಜವಾಗಿ ಒರಟಾದುವು.

ಅಲ್ಲಿಂದ ಮುಂದೆ ಎರಡು ಧಾರೆಗಳೂ ಒಂದರ ಪಕ್ಕದಲ್ಲೊಂದು ಹರಿದುವು. ಕಿಂಗ್ ಹೂ ಎಂಬ ನಿರ್ದೇಶಕನು ‘ಕಮ್ ಡ್ರಿಂಕ್ ವಿತ್ ಮಿ’ (೧೯೬೬), ‘ಡ್ರ್ಯಾಗನ್ ಇನ್’ (೧೯೬೭) ಎಂಬ ಖಡ್ಗಚಿತ್ರಗಳಲ್ಲಿ ಪೀಕಿಂಗ್ ಸಂಗೀತನಾಟಕದ ಗತಿಯನ್ನೂ ಲಯವನ್ನೂ ತಂದನು. ಅದೇ ೧೯೬೭ರಲ್ಲಿ ಚಾಂಗ್ ಚೆಹ್ ಎಂಬವನು ‘ಒನ್-ಆರ್ಮ್ಡ್ ಸ್ವೋರ್ಡ್ಸ್‌ಮನ್’ ಚಿತ್ರದಲ್ಲಿ ಬಲಗೈಯನ್ನು ಕಳೆದುಕೊಂಡವನ ರಕ್ತಸಿಕ್ತ ವೀರ್ಯವನ್ನು ತೋರಿಸಿದನು. ೧೯೭೧ರಲ್ಲಿ ಬ್ರೂಸ್ ಲೀಯ ‘ದಿ ಬಿಗ್ ಬಾಸ್’ ಬಂದಿತು. ೧೯೭೩ರ ಜುಲೈ ೨೦ರಂದು ಅವನು ತೀರಿಕೊಂಡನು. ಎರಡು ವರ್ಷಗಳಷ್ಟು ಅಲ್ಪಕಾಲದಲ್ಲಿ ಅವನು ಈ ಜಾತಿಯ ಚಿತ್ರಗಳ ಹೆಸರನ್ನೇ ಲೋಕಕ್ಕೆ ಪರಿಚಯಮಾಡಿಸಿದನು. ೧೯೯೧ರಲ್ಲಿ ತ್ಸುಯಿ ಹಾರ್ಕನ ‘ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ’ ಅದೇ ವಾಂಗ್ ಫೇ-ಹುಂಗನನ್ನು ತಂತಿಗಳ ಬಲದಿಂದ ಏಣಿಗಳ ಮೇಲೆ ಹಾರಾಡಿಸಿತು. ೨೦೦೦ದಲ್ಲಿ ಬಂದ ಆಂಗ್ ಲೀಯ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ನಾಲ್ಕು ಆಸ್ಕರ್ ಬಹುಮಾನಗಳನ್ನು ಪಡೆಯಿತು. ಇದರ ಬೆನ್ನಿಗೇ ಥಾಯ್ ದೇಶದಿಂದ ‘ಓಂಗ್-ಬಾಕ್’ (೨೦೦೩), ಇಂಡೊನೇಷ್ಯದಿಂದ ‘ದಿ ರೈಡ್’ (೨೦೧೧) ಬಂದುವು. ಮೊದಲನೆಯದು ತಂತಿಯನ್ನು ವರ್ಜಿಸಿದುದೇ ತನ್ನ ಹೆಮ್ಮೆಯೆಂದು ಸಾರಿತು. ಎರಡನೆಯದರ ಒರಟುತನದ ಮುಂದೆ ೧೯೭೦ರ ದಶಕದ ಚಿತ್ರಗಳು ಸೌಮ್ಯವಾಗಿ ಕಾಣುವುವು. ಹಳೆಯದೆಲ್ಲ ಒರಟು, ಹೊಸದೆಲ್ಲ ನಯ ಎಂಬ ವಾದವು ಇಷ್ಟರಿಂದಲೇ ಬಿದ್ದುಹೋಯಿತು.

೩

ಹಾಗಾದರೆ ಆ ಜನೋಕ್ತಿಯಲ್ಲಿರುವ ಸತ್ಯಾಂಶ ಯಾವುದು? ಹಿಂದಿನ ಚಿತ್ರಗಳಲ್ಲಿ ಉತ್ತಮವಾದುವನ್ನು ನೋಡಿ ಎದ್ದವನ ಮನಸ್ಸಿನಲ್ಲಿ ಒಂದು ತೃಪ್ತಿ ನಿಲ್ಲುತ್ತದೆ; ಈಚಿನ ಅನೇಕ ಚಿತ್ರಗಳಲ್ಲಿ ಅದು ಸಿಕ್ಕುವುದಿಲ್ಲ. ಅದರ ಕಾರಣವನ್ನು ಒಂದೇ ಶಬ್ದದಲ್ಲಿ ಹೇಳಬಹುದಾದರೆ ಅದು ‘ಶ್ರಮ’.

ಸಂಸ್ಕೃತದಲ್ಲಿ ಈ ಶಬ್ದಕ್ಕೆ ಬಳಲಿಕೆಯೆಂಬ ಅರ್ಥವಲ್ಲದೆ ಶಸ್ತ್ರಾಭ್ಯಾಸವೆಂಬ ಅರ್ಥವೂ ಉಂಟು. ಭರತನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಶ್ರಮವನ್ನು ಎಣಿಸಿ, ದಾರಿನಡೆಯುವುದು, ವ್ಯಾಯಾಮ ಮುಂತಾದುವನ್ನು ಅದರ ವಿಭಾವಗಳೆಂದೂ ನಿಟ್ಟುಸಿರು, ಮೈ ತಿಕ್ಕಿಕೊಳ್ಳುವುದು ಮುಂತಾದುವನ್ನು ಅನುಭಾವಗಳೆಂದೂ ಹೇಳಿದ್ದಾನೆ. ಚೀನೀಯರ ‘ಕುಂಗ್‌ಫು’ ಎಂಬ ಶಬ್ದವಾದರೂ ಮೂಲದಲ್ಲಿ ಹೊಡೆದಾಟವನ್ನು ಹೇಳುವುದಲ್ಲ. ದೀರ್ಘಕಾಲದ ದುಡಿಮೆಯಿಂದ ಗಳಿಸಿದ ಯಾವ ನೈಪುಣ್ಯಕ್ಕಾದರೂ ಅದು ಸಲ್ಲುವುದು. ಎರಡು ಭಾಷೆಗಳೂ ಒಂದೇ ವಿವೇಕವನ್ನು ತಮ್ಮ ಶಬ್ದಗಳಲ್ಲಿ ಅಡಗಿಸಿಟ್ಟುಕೊಂಡಿವೆ. ಅಭ್ಯಾಸವೂ ಬಳಲಿಕೆಯೂ ಕಾಣದಿದ್ದರೆ ಉತ್ಸಾಹವೆಂಬ ಸ್ಥಾಯಿಯು ಪುಷ್ಟವಾಗುವುದಿಲ್ಲ. ಉತ್ಸಾಹವು ಪುಷ್ಟವಾಗದೆ ವೀರರಸವಿಲ್ಲ. ವ್ಯಾಸಭಾರತದ ಗದಾಯುದ್ಧದಲ್ಲಿ ಭೀಮ ದುರ್ಯೋಧನರು ನಡುವೆ ಬಳಲಿ, ಮುಹೂರ್ತಕಾಲ ವಿಶ್ರಮಿಸಿಕೊಂಡು, ಮತ್ತೆ ಗದೆಗಳನ್ನೆತ್ತುವರು. ಆ ವಿಶ್ರಾಂತಿಯಿಂದ ಅವರ ವೀರ್ಯವು ಕುಂದಿತೆಂದು ಯಾರೂ ಹೇಳಲಾರರು.

ಇದಕ್ಕೆ ಅತ್ಯುತ್ತಮವಾದ ಲಕ್ಷ್ಯವು ಲಾವ್ ಕಾರ್-ಲೆಯುಂಗನ ‘ದಿ ಥರ್ಟಿಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್’ (೧೯೭೮). ಈ ನಿರ್ದೇಶಕನ ತಂದೆಯು ಲಾಮ್ ಸೈ-ವಿಂಗನ ಶಿಷ್ಯ. ಲಾಮ್ ಸೈ-ವಿಂಗನು ಸಾಕ್ಷಾತ್ ವಾಂಗ್ ಫೇ-ಹುಂಗನ ಶಿಷ್ಯ. ಹೀಗೆ ಗುರುಪರಂಪರೆಯಿಂದ ಬಂದ ವಿದ್ಯೆಯುಳ್ಳವನಾದುದರಿಂದ ಅವನು ಯುದ್ಧಕ್ಕಿಂತ ಶಿಕ್ಷಣವನ್ನೇ ಕಥೆಯ ನಡುವಿನಲ್ಲಿರಿಸಿದನು. ದಬ್ಬಾಳಿಕೆಗೆ ಸಿಕ್ಕಿದ ತರುಣನೊಬ್ಬನು ಶಾವೊಲಿನ್ ಮಠವನ್ನು ಸೇರಿ ಮೂವತ್ತೈದು ಶಾಲೆಗಳಲ್ಲಿ ಒಂದೊಂದನ್ನೇ ದಾಟುತ್ತಾನೆ. ಒಂದು ಕಡೆ ನೀರಿನ ಕೊಡಗಳನ್ನು ಹಿಡಿದು ತೋಳುಗಳನ್ನು ಚಾಚಿಕೊಂಡೇ ಮೇಲೇರಬೇಕು. ತೋಳು ಇಳಿದರೆ ಅಲ್ಲಿ ಕಟ್ಟಿರುವ ಚೂರಿಗಳು ಪಕ್ಕೆಯನ್ನು ಚುಚ್ಚುತ್ತವೆ. ಇನ್ನೊಂದು ಕಡೆ ಉದ್ದವಾದ ಹಿಡಿಯ ಭಾರದ ಸುತ್ತಿಗೆಯಿಂದ ಗಂಟೆಯನ್ನು ಬಾರಿಸಿ ಮಣಿಕಟ್ಟನ್ನು ಬಲಪಡಿಸಬೇಕು. ಕೊನೆಗೆ ಹಿರಿಯ ಸಂನ್ಯಾಸಿಯೊಬ್ಬನ ಜೋಡಿಕತ್ತಿಗಳ ಮುಂದೆ ಅವನು ಮತ್ತೆ ಮತ್ತೆ ಸೋಲುತ್ತಾನೆ. ಆ ಸೋಲುಗಳಿಂದಲೇ ಮೂರು ತುಂಡಿನ ಕೋಲೆಂಬ ಹೊಸ ಆಯುಧವನ್ನು ಕಲ್ಪಿಸುತ್ತಾನೆ. ನಾಯಕನ ಜಯವನ್ನು ಪ್ರೇಕ್ಷಕನು ನಂಬುವುದಕ್ಕೆ ಅಲ್ಲಿ ಬೇರೆ ಪ್ರಮಾಣ ಬೇಕಾಗಿಲ್ಲ. ಪ್ರತಿಯೊಂದು ಪೆಟ್ಟಿನ ಮೂಲವನ್ನೂ ಅವನು ಮೊದಲೇ ಕಂಡಿರುತ್ತಾನೆ. ಭರತನು ವೀರಕ್ಕೆ ಹೇಳಿದ ಅಸಂಮೋಹ, ಅಧ್ಯವಸಾಯ, ವಿನಯ ಎಂಬ ವಿಭಾವಗಳು ಈ ಚಿತ್ರದಲ್ಲಿ ಒಂದೊಂದಾಗಿ ಮೈದಾಳಿ ನಿಲ್ಲುತ್ತವೆ.

ಬ್ರೂಸ್ ಲೀಯು ತಾನೇ ನಿರ್ದೇಶಿಸಿದ ‘ದಿ ವೇ ಆಫ್ ದಿ ಡ್ರ್ಯಾಗನ್’ (೧೯೭೨) ಚಿತ್ರದಲ್ಲಿ ರೋಮಿನ ಪ್ರಾಚೀನ ರಂಗಸ್ಥಳದಲ್ಲಿ ನಡೆಯುವ ದ್ವಂದ್ವವು ಇನ್ನೊಂದು ಲಕ್ಷ್ಯ. ಎದುರಾಳಿ ಚಕ್ ನಾರಿಸ್. ಇಬ್ಬರೂ ಮೊದಲು ಮೈಯನ್ನು ಸಡಿಲಿಸಿಕೊಳ್ಳುವರು. ಪೂರ್ವಾರ್ಧದಲ್ಲಿ ನಾಯಕನು ಪೆಟ್ಟುತಿಂದು ನೆಲಕ್ಕುರುಳುವನು; ತನ್ನ ನಿಲವನ್ನೂ ಗತಿಯನ್ನೂ ಬದಲಾಯಿಸಿದ ಮೇಲೆಯೇ ಅವನು ಮೇಲುಗೈಯಾಗುವನು. ಇಬ್ಬರ ಮೈಯೂ ತಲೆಯಿಂದ ಕಾಲಿನವರೆಗೆ ಕಾಣುವಂತೆ ಕ್ಯಾಮರಾ ದೂರದಲ್ಲಿ ನಿಂತಿರುವುದರಿಂದ, ಯಾರಿಗೂ ಯಾರಿಗೂ ನಡುವೆ ಎಷ್ಟು ದೂರ, ಯಾವ ಕಾಲು ಯಾವಾಗ ಎದ್ದಿತು ಎಂಬುದೆಲ್ಲ ಸ್ಪಷ್ಟ. ಎದುರಾಳಿಯು ಮಡಿದ ಮೇಲೆ ನಾಯಕನು ಅವನ ಅಂಗಿಯನ್ನೂ ನಡುಪಟ್ಟಿಯನ್ನೂ ತಂದು ಶವದ ಮೇಲೆ ಹೊದಿಸಿ ಮೊಣಕಾಲೂರುತ್ತಾನೆ. ಕ್ರೋಧವು ಸ್ಥಾಯಿಯಾದ ರೌದ್ರಕ್ಕೂ ಉತ್ಸಾಹವು ಸ್ಥಾಯಿಯಾದ ವೀರಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕಾದ ಅಧ್ಯಾಪಕರಿಗೆ ಈ ಒಂದು ದೃಶ್ಯ ಸಾಕು. ಹಳೆಯ ಚಿತ್ರಗಳ ಗುಣವು ರಕ್ತದಲ್ಲಿಲ್ಲ, ಪೆಟ್ಟಿನ ಕ್ರೌರ್ಯದಲ್ಲಿಲ್ಲ. ಪ್ರೇಕ್ಷಕನಿಗೆ ದೂರವೂ ಭಾರವೂ ಕಾಲವೂ ತಿಳಿಯುವಂತೆ ತೋರಿಸಿದ ಶ್ರಮದಲ್ಲಿದೆ.

ಆ ಶ್ರಮವು ಈಚೆಗೆ ಏಕೆ ವಿರಳವಾಯಿತೆಂಬುದಕ್ಕೆ ಲೌಕಿಕವಾದ ಕಾರಣವೂ ಉಂಟು. ಜಾಕಿ ಚಾನ್, ಸಾಮೊ ಹುಂಗ್, ಯುಯೆನ್ ಬಿಯಾವ್ ಇವರು ಮೂವರೂ ಯು ಜಿಮ್-ಯುಯೆನ್ ಎಂಬ ಆಚಾರ್ಯನ ಪೀಕಿಂಗ್ ನಾಟಕಶಾಲೆಯಲ್ಲಿ ಬಾಲ್ಯದಿಂದ ಅತಿಕಠಿನವಾದ ಶಿಕ್ಷೆಯಲ್ಲಿ ಬೆಳೆದವರು. ನಾಟಕದ ಪ್ರೇಕ್ಷಕರು ಕಡಮೆಯಾದಂತೆ ಅಂಥ ಶಾಲೆಗಳು ಮುಚ್ಚಿದುವು. ಮುಂದಿನ ತಲೆಮಾರಿನ ನಟರಿಗೆ ಚಿತ್ರವೊಂದಕ್ಕೆ ಮುಂಚೆ ಕೆಲವು ತಿಂಗಳ ಅಭ್ಯಾಸವೇ ಗತಿಯಾಯಿತು. ಹತ್ತು ವರ್ಷಗಳಲ್ಲಿ ಮೈಗೂಡುವ ವಿದ್ಯೆಯು ತಿಂಗಳುಗಳಲ್ಲಿ ಬಾರದಿದ್ದಾಗ ಆ ಕೊರತೆಯನ್ನು ತಂತಿಯೂ ಸಂಕಲನದ ಕತ್ತರಿಯೂ ತುಂಬಿಕೊಟ್ಟುವು. ಎಳೆಯ ಮಕ್ಕಳನ್ನು ಹೊಡೆದು ಕಲಿಸುತ್ತಿದ್ದ ಆ ಶಾಲೆಗಳು ಮತ್ತೆ ಹುಟ್ಟಲೆಂದು ಯಾರೂ ಬಯಸತಕ್ಕದ್ದಲ್ಲ. ಆದರೆ ಅವುಗಳೊಡನೆ ಹೋದುದು ಏನೆಂಬುದನ್ನು ಅರಿತಿರುವುದು ನ್ಯಾಯ.

೪

ಇಷ್ಟನ್ನು ಕೇಳಿ ಇಂದ್ರಜಾಲವೇ ದೋಷವೆಂದು ನಿರ್ಣಯಿಸಿದರೆ ಅದೂ ಅವಿಚಾರವಾದೀತು. ‘ಕ್ರೌಚಿಂಗ್ ಟೈಗರ್’ ಚಿತ್ರದ ಯುದ್ಧಗಳನ್ನು ಸಂಯೋಜಿಸಿದವನು ಯುಯೆನ್ ವೂ-ಪಿಂಗ್. ಜಾಕಿ ಚಾನನನ್ನು ಕುಡುಕ ಗುರುವಿನ ಕೈಯಲ್ಲಿ ನಾನಾ ವಿಧವಾಗಿ ದಂಡಿಸಿ ಕಲಿಸಿದ ‘ಡ್ರಂಕನ್ ಮಾಸ್ಟರ್’ (೧೯೭೮) ಚಿತ್ರದ ನಿರ್ದೇಶಕನೂ ಅವನೇ. ಒಂದೇ ಕೈಯಿಂದ ಎರಡು ರೀತಿಯ ಯುದ್ಧಗಳೂ ಹುಟ್ಟಿದುವೆಂದ ಮೇಲೆ ತಾರತಮ್ಯವು ಉಪಕರಣದಲ್ಲಿಲ್ಲ, ಅದರ ಔಚಿತ್ಯದಲ್ಲಿದೆ.

ಆ ಚಿತ್ರದಲ್ಲಿ ಹಾರಾಟವು ಯಾರಿಗೆ ಒಲಿದಿದೆಯೆಂಬುದನ್ನು ಗಮನಿಸಬೇಕು. ಮನೆತನದ ಕಟ್ಟನ್ನು ಹರಿದುಕೊಂಡು ಓಡಬಯಸುವ ತರುಣಿ ಜೆನ್ ಎಂಬವಳು ರಾತ್ರಿ ಖಡ್ಗವನ್ನು ಕದ್ದು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾಳೆ. ಅವಳನ್ನು ಬೆನ್ನಟ್ಟುವ ಶು ಲಿಯೆನ್ ಕರ್ತವ್ಯದಿಂದ ಬಂಧಿತಳಾದ ಪ್ರೌಢೆ. ಮೇಲಕ್ಕೆ ಹಾರುವವಳನ್ನು ನೆಲಕ್ಕೆ ಎಳೆದು ನಿಲ್ಲಿಸುವುದೇ ಅವಳ ಯತ್ನ. ಮುಂದೆ ಅಂಗಳದಲ್ಲಿ ಇವರಿಬ್ಬರಿಗೂ ಯುದ್ಧವಾದಾಗ ಶು ಲಿಯೆನ್ ಒಂದರ ಮೇಲೊಂದು ಆಯುಧವನ್ನು ತೆಗೆದುಕೊಳ್ಳುವಳು. ಆ ದಿವ್ಯಖಡ್ಗವು ಅವುಗಳನ್ನು ತುಂಡರಿಸುವುದು. ಒಂದು ಆಯುಧವು ಎತ್ತಲಾರದಷ್ಟು ಭಾರವಾಗಿ ಕೈಯಿಂದ ಜಾರುವುದು. ಕೊನೆಗೆ ಮುರಿದ ಕತ್ತಿಯ ಮೊನೆಯೇ ಜೆನ್ನಳ ಕೊರಳಿಗೆ ತಾಗಿ ನಿಲ್ಲುವುದು. ಹಾರಾಟವು ಆಸೆಯ ದ್ಯೋತಕ, ಭಾರವು ಧರ್ಮದ ದ್ಯೋತಕ. ಇಲ್ಲಿ ತಂತಿಯು ಭಾವವನ್ನು ವ್ಯಂಜಿಸುವ ಸಾಧನವಾಗಿದೆ. ಆದುದರಿಂದ ಅದ್ಭುತವು ವೀರಕ್ಕೆ ಅಂಗವಾಗಿ ನಿಂತು ಶೋಭಿಸುವುದು. ಝಾಂಗ್ ಯಿಮೌವಿನ ‘ಹೀರೋ’ (೨೦೦೨) ಚಿತ್ರದಲ್ಲಿಯೂ ಸರೋವರದ ಮೇಲೆ ನಡೆಯುವ ಯುದ್ಧಕ್ಕೆ ತೂಕವಿಲ್ಲ. ಆದರೆ ಅದು ರಾಜನು ತಾನೇ ಊಹಿಸಿ ಹೇಳಿದ ಕಥೆಯೊಳಗಿನ ಕಲ್ಪಿತಯುದ್ಧವಾದುದರಿಂದ ಆ ತೂಕವಿಲ್ಲದಿರುವಿಕೆಯು ಉಚಿತವೇ ಆಗಿದೆ.

ದೋಷವಾಗುವುದು ಅದ್ಭುತವು ಅಂಗಿಯಾಗಿ ವೀರವನ್ನು ನುಂಗಿದಾಗ. ೨೦೨೧ರ ‘ಶಾಂಗ್-ಚಿ’ ಎಂಬ ಅಮೆರಿಕದ ಚಿತ್ರವೊಂದರಲ್ಲಿಯೇ ಎರಡೂ ಸ್ಥಿತಿಗಳನ್ನು ಕಾಣಬಹುದು. ಮೊದಲ ಭಾಗದಲ್ಲಿ ಓಡುವ ಬಸ್ಸಿನೊಳಗೆ ನಾಯಕನು ಹಲವರೊಡನೆ ಹೋರಾಡುವನು. ಆಸನಗಳು, ಕಂಬಿಗಳು, ತಿರುವುಗಳು ಎಲ್ಲವೂ ಅವನ ಅಡಚಣೆಗಳು, ಎಲ್ಲವೂ ಅವನ ಉಪಾಯಗಳು. ಆ ಚಿತ್ರದ ಸಾಹಸಗಳ ಮೇಲ್ವಿಚಾರಕನಾಗಿದ್ದ ಬ್ರ್ಯಾಡ್ ಆ್ಯಲನ್ ಜಾಕಿ ಚಾನನ ತಂಡದಲ್ಲಿ ಪಳಗಿದವನೆಂಬುದು ಅಲ್ಲಿ ಗೋಚರವಾಗುವುದು. ಕೊನೆಯ ಭಾಗದಲ್ಲಿಯೋ, ಗಣಕಯಂತ್ರದಿಂದ ಹುಟ್ಟಿದ ಮಹಾಸರ್ಪವೂ ರಾಕ್ಷಸಾಕೃತಿಯೂ ಆಕಾಶದಲ್ಲಿ ಸೆಣಸುವುವು. ನಾಯಕನು ಕಲಿತ ವರಸೆಗಳಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ಯಾವುದೂ ಅಸಾಧ್ಯವಲ್ಲದ ಲೋಕದಲ್ಲಿ ಯಾವುದೂ ಕಷ್ಟವೂ ಅಲ್ಲ. ಕಷ್ಟವಿಲ್ಲದೆಡೆಯಲ್ಲಿ ಉತ್ಸಾಹವು ಯಾವುದನ್ನು ಆಶ್ರಯಿಸಿ ನಿಲ್ಲಬೇಕು?

ಇದಕ್ಕೆ ವಿರುದ್ಧವಾದ ದೋಷವು ‘ದಿ ರೈಡ್’ ಚಿತ್ರದಲ್ಲಿದೆ. ಅದರ ನಟರು ಸಿಲಾಟ್ ಎಂಬ ಸಮರಕಲೆಯಲ್ಲಿ ನಿಜವಾದ ಪರಿಣತಿಯುಳ್ಳವರು. ಶ್ರಮವೂ ಬಳಲಿಕೆಯೂ ಅದರಲ್ಲಿ ಯಥೇಷ್ಟವಾಗಿವೆ. ಕೈಯಲ್ಲಿದ್ದ ಬಂದೂಕನ್ನು ಬದಿಗಿಟ್ಟು ಬರಿಗೈಯಲ್ಲಿ ಹೋರಾಡಬಯಸುವ ಪ್ರತಿನಾಯಕನಲ್ಲಿ ವೀರದ ಒಂದು ಕಿಡಿಯೂ ಉಂಟು. ಆದರೆ ಗಾಯಗಳ ಮೇಲೆ ಗಾಯಗಳನ್ನು ಪೇರಿಸಿ ತೋರಿಸುವುದರಿಂದ ಮನಸ್ಸು ಜುಗುಪ್ಸೆಗೆ ತಿರುಗಿ, ಬೀಭತ್ಸವು ವೀರದ ಸ್ಥಾನವನ್ನು ಆಕ್ರಮಿಸುವುದು. ಒರಟುತನವೇ ಸತ್ಯವೆಂದವರು ಇಲ್ಲಿಗೆ ಬಂದು ತಲಪಬೇಕಾಗುತ್ತದೆ.

೫

ಇನ್ನು ಎರಡನೆಯ ಭ್ರಾಂತಿಯ ವಿಚಾರ. ಜಾಕಿ ಚಾನನು ‘ಪೊಲೀಸ್ ಸ್ಟೋರಿ’ (೧೯೮೫) ಚಿತ್ರದಲ್ಲಿ ಅಂಗಡಿಗಳ ದೊಡ್ಡ ಕಟ್ಟಡವೊಂದರೊಳಗೆ, ವಿದ್ಯುದ್ದೀಪಗಳನ್ನು ಸುತ್ತಿದ ಕಂಬವನ್ನು ಹಿಡಿದು ಮೇಲಿನ ಅಂತಸ್ತಿನಿಂದ ಕೆಳಕ್ಕೆ ಜಾರಿದನು. ಅವನ ಅಂಗೈಗಳು ಸುಟ್ಟುವು. ಆ ಜಾರುವಿಕೆಯನ್ನು ಚಿತ್ರದಲ್ಲಿ ಬೇರೆ ಬೇರೆ ಕೋನಗಳಿಂದ ಮರಳಿ ಮರಳಿ ತೋರಿಸಲಾಗಿದೆ. ಕಥೆಯಲ್ಲಿ ಪೊಲೀಸಿನವನು ಒಂದೇ ಸಲ ಜಾರಿದನಷ್ಟೆ? ಮತ್ತೆ ಮತ್ತೆ ತೋರಿಸಿದುದು ಕಥೆಗಾಗಿ ಅಲ್ಲ. ನಟನು ನಿಜವಾಗಿಯೇ ಜಾರಿದನೆಂಬುದಕ್ಕೆ ಸಾಕ್ಷಿಯಾಗಿ. ಅವನ ಚಿತ್ರಗಳ ಕೊನೆಯಲ್ಲಿ ಕೆಟ್ಟ ಯತ್ನಗಳ, ಏಟು ತಗುಲಿದ ಕ್ಷಣಗಳ ತುಣುಕುಗಳನ್ನು ಸೇರಿಸುವ ವಾಡಿಕೆಯೂ ಇದೇ ಉದ್ದೇಶದ್ದು. ‘ಆರ್ಮರ್ ಆಫ್ ಗಾಡ್’ (೧೯೮೬) ಚಿತ್ರಕ್ಕಾಗಿ ಆಗಿನ ಯುಗೊಸ್ಲಾವಿಯದಲ್ಲಿ ಮರಕ್ಕೆ ಹಾರುವಾಗ ಕೊಂಬೆ ಮುರಿದು ಬಿದ್ದು ಅವನ ತಲೆಬುರುಡೆಯೇ ಒಡೆಯಿತು, ಶಸ್ತ್ರಚಿಕಿತ್ಸೆಯಿಂದ ಬದುಕಿದನು.

ಅವನ ಧೈರ್ಯವು ನಿಸ್ಸಂಶಯವಾದುದು. ಅವನ ಲಯಜ್ಞಾನವೂ ಹಾಸ್ಯವೂ ಅನ್ಯದುರ್ಲಭ. ಆದರೆ ಆ ಕ್ಷಣಗಳಲ್ಲಿ ಪ್ರೇಕ್ಷಕನಿಗಾಗುವ ನಡುಕವು ಯಾರಿಗಾಗಿ? ಪಾತ್ರಕ್ಕಾಗಿ ಅಲ್ಲ, ನಟನಿಗಾಗಿ. ಅಭಿನವಗುಪ್ತಪಾದರು ಹೇಳಿದ ಸಾಧಾರಣೀಕರಣವು ಅಲ್ಲಿ ಮುರಿಯುವುದು. ಇಂಥ ದೇಶದ ಇಂಥ ಮನುಷ್ಯನು ಬಿದ್ದು ಸಾಯುವನೋ ಎಂಬ ಲೌಕಿಕಭಯವು ಉಳಿಯುವುದು. ಬೀದಿಯಲ್ಲಿ ಹಗ್ಗದ ಮೇಲೆ ನಡೆಯುವ ದೊಂಬರವನನ್ನು ನೋಡುವಾಗಲೂ ಆಗುವುದು ಅದೇ. ಅದು ರಸಾನುಭವವಲ್ಲ.

ಭರತಮುನಿಯು ಈ ಪ್ರಶ್ನೆಯನ್ನು ಮೊದಲೇ ಎದುರಿಸಿದ್ದಾನೆ. ಚಾರಿಗಳನ್ನು ವಿವರಿಸುವ ಅಧ್ಯಾಯದಲ್ಲಿ ರಂಗದ ಮೇಲೆ ಶಸ್ತ್ರಪ್ರಯೋಗಕ್ಕೆ ಭಾರತ, ಸಾತ್ತ್ವತ, ವಾರ್ಷಗಣ್ಯ, ಕೈಶಿಕ ಎಂಬ ನಾಲ್ಕು ನ್ಯಾಯಗಳನ್ನು ಹೇಳಿ, ಪ್ರಹಾರವು ಕ್ರಮವಾಗಿ ನಡು, ಕಾಲು, ಎದೆ, ತಲೆ ಇವುಗಳ ಕಡೆಗಿರಬೇಕೆಂದು ವಿಧಿಸುತ್ತಾನೆ. ಹೀಗೆ ವಿಧಿಸಿದವನೇ ರಂಗದಲ್ಲಿ ನಿಜವಾಗಿ ಭೇದಿಸುವುದು, ಕತ್ತರಿಸುವುದು, ರಕ್ತ ಸುರಿಸುವುದು ಸಲ್ಲವೆಂದೂ ಶಸ್ತ್ರಮೋಕ್ಷಣವು ಸಂಜ್ಞಾಮಾತ್ರದಿಂದಲೇ ಆಗತಕ್ಕದ್ದೆಂದೂ ಹೇಳುವನು. ಆದರೆ ಸಂಜ್ಞೆ ಸಾಕೆಂದ ಮಾತ್ರಕ್ಕೆ ಅಭ್ಯಾಸವು ಬೇಡವೆಂದಲ್ಲ. ಅದೇ ಪ್ರಕರಣದಲ್ಲಿ ಪ್ರಯೋಗಮಾಡುವವನು ಮೈಗೆ ಎಣ್ಣೆಯನ್ನು ತಿಕ್ಕಿಕೊಂಡು, ಆಹಾರನಿಯಮವನ್ನು ಪಾಲಿಸಿ, ವ್ಯಾಯಾಮವನ್ನು ಮಾಡಬೇಕೆಂಬ ವಿಧಿಯೂ ಇದೆ. ಶ್ರಮವು ನಿಜವಾಗಿರಬೇಕು, ಘಾತವು ಸಂಜ್ಞೆಯಾಗಿರಬೇಕು ಎಂಬುದು ಶಾಸ್ತ್ರದ ತಾತ್ಪರ್ಯ. ಯಕ್ಷಗಾನದ ಯುದ್ಧದಲ್ಲಿ ವೇಷಧಾರಿಗಳು ಒಬ್ಬರನ್ನೊಬ್ಬರು ಹೊಡೆಯದಿದ್ದರೂ ಅವರ ಕುಣಿತದ ಶ್ರಮವೇ ಕಾಳಗವನ್ನು ಕಣ್ಣಮುಂದೆ ನಿಲ್ಲಿಸುವುದು ಇದರಿಂದಲೇ.

ರಂಗದ ನಿಯಮವು ಚಲಚ್ಚಿತ್ರಕ್ಕೆ ಸಲ್ಲದು, ಕ್ಯಾಮರಾ ಹತ್ತಿರದಿಂದ ನೋಡುವುದರಿಂದ ಸಂಜ್ಞೆಯು ಅಲ್ಲಿ ಬಯಲಾಗುವುದು ಎಂದು ಆಕ್ಷೇಪಿಸಬಹುದು. ಸಮಾಧಾನವೇನೆಂದರೆ, ಕ್ಯಾಮರಾ ತೋರಿಸುವಷ್ಟೇ ಚೆನ್ನಾಗಿ ಮರೆಸಲೂ ಬಲ್ಲದು. ಕೋನವನ್ನು ಆರಿಸಿ ಪೆಟ್ಟಿನ ಅಂತರವನ್ನು ಅಡಗಿಸಬಹುದು. ಭದ್ರಪಡಿಸುವ ಹಗ್ಗವನ್ನು ಚಿತ್ರದಿಂದ ಅಳಿಸಬಹುದು. ರಂಗಕ್ಕಿಲ್ಲದ ಇಷ್ಟು ಉಪಾಯಗಳಿರುವಾಗ ನಟನನ್ನು ಅಪಾಯಕ್ಕೊಡ್ಡುವುದಕ್ಕೆ ಚಲಚ್ಚಿತ್ರದವರಿಗಿರುವ ನೆಪವು ರಂಗದವರಿಗಿಂತಲೂ ಕಡಮೆ. ತಂತಿ ಮತ್ತು ಗಣಕಯಂತ್ರಗಳ ಸಾರ್ಥಕವಾದ ವಿನಿಯೋಗವೂ ಇಲ್ಲಿಯೇ ಇದೆ: ಅವು ಶ್ರಮವನ್ನು ತೆಗೆದುಹಾಕುವುದಕ್ಕಲ್ಲ, ಶ್ರಮಿಸುವವನನ್ನು ಕಾಪಾಡುವುದಕ್ಕೆ.

ಇದು ದೂರದೇಶದ ಮಾತೆಂದು ಕನ್ನಡಿಗರು ಬಿಟ್ಟುಬಿಡುವಂತಿಲ್ಲ. ೨೦೧೬ರ ನವೆಂಬರ್ ೭ರಂದು ಬೆಂಗಳೂರಿಗೆ ಸಮೀಪದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದರ ಕೊನೆಯ ಸಾಹಸದೃಶ್ಯಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದ ಇಬ್ಬರು ತರುಣ ನಟರು ದಡವನ್ನು ಸೇರಲಾರದೆ ಮುಳುಗಿ ಮಡಿದರು. ಅವರು ಮೈಯನ್ನು ಹುರಿಗೊಳಿಸಿ ಸಿದ್ಧಪಡಿಸಿಕೊಂಡವರು. ಅವರಲ್ಲಿ ಶ್ರಮದ ಕೊರತೆಯಿರಲಿಲ್ಲ. ನಿಜವಾಗಿ ಧುಮುಕಿದರೆ ಮಾತ್ರ ಜನರು ಮೆಚ್ಚುವರೆಂಬ ರುಚಿಯು ಎಂಥ ಬೆಲೆಯನ್ನು ಕೇಳುವುದೆಂಬುದು ಅಂದು ಎಲ್ಲರ ಕಣ್ಣಮುಂದೆ ನಡೆಯಿತು. ‘ನಿಜವಾಗಿಯೇ ಬಿದ್ದನು, ನಿಜವಾಗಿಯೇ ಏಟು ತಿಂದನು’ ಎಂದು ಹೊಗಳುವ ವಿಮರ್ಶೆಯೂ ಆ ರುಚಿಯನ್ನು ಪೋಷಿಸುವುದರಲ್ಲಿ ಪಾಲುಗೊಂಡಿದೆ.

ಆದುದರಿಂದ ನಿರ್ಣಯವಿಷ್ಟು. ಹಳೆಯ ಸಮರಕಲಾಚಿತ್ರಗಳಲ್ಲಿ ಉಳಿಯತಕ್ಕದ್ದು ಅವುಗಳ ಶ್ರಮ. ಬಿಡತಕ್ಕದ್ದು ಅವುಗಳ ಅಪಾಯ. ಹೊಸವುಗಳಲ್ಲಿ ಗ್ರಾ‌ಹ್ಯವಾದುದು ಭಾವವನ್ನು ವ್ಯಂಜಿಸುವ ಇಂದ್ರಜಾಲ. ತ್ಯಾಜ್ಯವಾದುದು ಭಾರವನ್ನೇ ಮರೆತ ಇಂದ್ರಜಾಲ. ಚೂರಿಗಳನ್ನು ತೋಳಿಗೆ ಕಟ್ಟಿಕೊಂಡು ನೀರನ್ನು ಹೊತ್ತ ಆ ಶಾವೊಲಿನ್ ಶಿಷ್ಯನನ್ನು ನೋಡುವಾಗ ಪ್ರೇಕ್ಷಕನು ಅವನ ತೋಳು ಇಳಿಯದಿರಲೆಂದು ಹಾರೈಸುವನು. ಆ ಹಾರೈಕೆಗೆ ನಟನ ಪಕ್ಕೆಯಲ್ಲಿ ನಿಜವಾದ ಗಾಯವಾಗಬೇಕೆಂಬ ಅಪೇಕ್ಷೆಯೇ ಇಲ್ಲ. ಈ ಭೇದವನ್ನು ಸಹೃದಯರು ಪರಾಮರ್ಶಿಸತಕ್ಕದ್ದು.